ಅಜ್ಜನ ರಂಗೂನು ಸಿಕ್ಕಿದ್ದು ಅಜ್ಜಿಯ ಹೆಸರಿನಲ್ಲಿ

ನಮ್ಮ ಅವ್ವನ ಅಪ್ಪ 1934ರಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯ ನಮ್ಮೂರಿಂದ ಬರ್ಮಾದ ರಂಗೂನಿಗೆ ಹೋದವರು. ಅಲ್ಲಿ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದರಂತೆ. ಯುದ್ಧ ಮುಗಿದು 1946ರಲ್ಲಿ ಬರಿಗೈಲಿ ವಾಪಸ್ ಬಂದರು. ಊರಲ್ಲಿ ಕೆಲವರು ಆಡಿಕೊಂಡದ್ದೇ ಬೇರೆ: “ರಂಗೂನೂ ಇಲ್ಲ ಏನೂ ಇಲ್ಲ, ಇಲ್ಲೇ ಬಳ್ಳಾರಿ ಅಲ್ಲೀಪುರ ಜೈಲಿನಾಗ ಇದ್ದು ಬಂದಾನ.” ಆಮೇಲೆ ಹುಟ್ಟಿದ ಅವ್ವ ಈ ಮಾತು ಕೇಳುತ್ತಲೇ ಬೆಳೆದಳು. ಎಪ್ಪತ್ತೈದು ದಾಟಿದ ಮೇಲೆ ಒಂದು ದಿನ ನನ್ನನ್ನು ಕೂರಿಸಿಕೊಂಡು ಹೇಳಿದಳು: “ನಾ ಇರೋದ್ರಾಗ ಸರ್ಕಾರದ ಮುದ್ರಿ ಇರೋ ಒಂದು ಕಾಗದ ತಂದು ಕೊಡಪ್ಪ, ನಮ್ಮಪ್ಪ ಅಲ್ಲೇ ಇದ್ದ ಅಂತ.”

ಮೊದಲು ಪಾಸ್‌ಪೋರ್ಟಿನ ಜಾಡು ಹಿಡಿದೆ. ಅದು ಸಿಗುವ ಮಾತೇ ಇರಲಿಲ್ಲ. 1937ರ ಏಪ್ರಿಲ್ 1ರವರೆಗೆ ಬರ್ಮಾ ಬ್ರಿಟಿಷ್ ಇಂಡಿಯಾದ್ದೇ ಒಂದು ಪ್ರಾಂತ್ಯ. ಅಜ್ಜ ಹಡಗು ಹತ್ತಿದಾಗ ಅದು ಪರದೇಶವೇ ಆಗಿರಲಿಲ್ಲ.

ಎರಡನೇ ತಪ್ಪು ಬೆಂಗಳೂರಿನಲ್ಲಿ ಹುಡುಕಿದ್ದು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಲ್ಲಿಯ ತನಕ ನಾವು ಮದ್ರಾಸಿನವರು. ಯುದ್ಧಕಾಲದಲ್ಲಿ ನಮ್ಮ ಕಲೆಕ್ಟರು ಬರೆದ ಪತ್ರ ಹೋಗುತ್ತಿದ್ದದ್ದು ಮದ್ರಾಸಿನ ಸೆಕ್ರೆಟೇರಿಯಟ್ಟಿಗೆ. ಆ ಸರ್ಕಾರದ ಹಳೇ ಕಡತಗಳು ಇವತ್ತು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿವೆ. ರಾಯಚೂರು, ಕೊಪ್ಪಳದವರ ದಾರಿ ಬೇರೆ. ನೀವು 1956ರವರೆಗೆ ಹೈದರಾಬಾದಿನವರು, ಹಾಗಾಗಿ ಅಲ್ಲಿಯ ಪತ್ರಾಗಾರದಿಂದ ಶುರುಮಾಡಿ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನನಗೆ ಒಂದು ವರ್ಷ ಉಳಿಯುತ್ತಿತ್ತು.

ಚೆನ್ನೈಗೆ ಹೋದ ಮೇಲೂ ತಿಂಗಳುಗಟ್ಟಲೆ ತಪ್ಪು ಜಾಗದಲ್ಲೇ ಹುಡುಕಿದೆ. 1941ರ ಡಿಸೆಂಬರ್ 23ರಂದು ರಂಗೂನಿನ ಮೇಲೆ ಜಪಾನಿನ ಬಾಂಬು ಬಿತ್ತು, 1942ರ ಮಾರ್ಚ್ 8ಕ್ಕೆ ಊರೇ ಅವರ ಕೈಸೇರಿತು. ಆ ಹೊತ್ತಿನಲ್ಲಿ ಲಕ್ಷಾಂತರ ಭಾರತೀಯರು ಕಾಲ್ನಡಿಗೆಯಲ್ಲಿ, ಹಡಗಿನಲ್ಲಿ ತಾಯ್ನಾಡಿಗೆ ಓಡಿ ಬಂದರು. ಹಾಗೆ ಬಂದವರ ಕಡತಗಳನ್ನೇ ತಿರುವಿ ಹಾಕುತ್ತಿದ್ದೆ. ಅಜ್ಜನ ಹೆಸರು ಎಲ್ಲೂ ಇಲ್ಲ. ಹೇಗಿದ್ದೀತು? ಅವರು ಓಡಿ ಬಂದವರಲ್ಲ, ಅಲ್ಲೇ ಸಿಕ್ಕಿಹಾಕಿಕೊಂಡವರು. ಜಪಾನೀಯರ ಆಡಳಿತದಲ್ಲಿದ್ದ ಊರಿನಿಂದ ನಮ್ಮ ಸರ್ಕಾರಕ್ಕೆ ಯಾರು ಅವರ ಲೆಕ್ಕ ಕೊಡಬೇಕು?

ಸೋತು ಊರಿಗೆ ಬಂದಾಗ ಅವ್ವನನ್ನು ಸುಮ್ಮನೆ ಕೇಳಿದೆ, ಆ ನಾಲ್ಕು ವರ್ಷ ಅಜ್ಜಿ ಹೊಟ್ಟೆಗೆ ಏನು ಮಾಡಿದಳು ಅಂತ. “ಕೂಲಿ ಮಾಡಿದ್ಲು. ಮತ್ತ ಬಳ್ಳಾರಿಗೆ ಹೋಗಿ ಕಲೆಕ್ಟರ್ ಕಚೇರ್ಯಾಗ ಹೆಬ್ಬೆಟ್ಟು ಒತ್ತಿ ಬರ್ತಿದ್ಲಂತ, ರೊಕ್ಕ ಕೊಡ್ತಿದ್ರಂತ” ಅಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಶತ್ರು ಹಿಡಿದ ನಾಡಿನಲ್ಲಿ ಸಿಕ್ಕಿಬಿದ್ದವರ ಮನೆಯವರಿಗೆ ಆಗ ಸರ್ಕಾರ ಜೀವನಾಂಶ ಕೊಡುತ್ತಿತ್ತು. ದುಡ್ಡು ಕೊಡಬೇಕಾದರೆ ಗಂಡ ಎಲ್ಲಿದ್ದಾನೆ, ಕೆಲಸ ಏನು, ಕೊನೆಯ ಕಾಗದ ಯಾವಾಗ ಬಂತು, ಎಲ್ಲ ಬರೆದುಕೊಳ್ಳಲೇಬೇಕು. ಅಜ್ಜನ ಗುರುತು ಇರುವುದು ಅಜ್ಜಿಯ ಹೆಸರಿನ ಕೆಳಗೆ.

ಈ ಸಲ ದೆಹಲಿಯಿಂದ ಶುರುಮಾಡಿದೆ. ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಮನೆಯಲ್ಲೇ ಕೂತು ಕಡತಗಳ ಶೀರ್ಷಿಕೆ ಹುಡುಕಬಹುದು. 1941ರಿಂದ ಈ ವಿಷಯ ನೋಡಿಕೊಳ್ಳುತ್ತಿದ್ದದ್ದು ‘ಇಂಡಿಯನ್ಸ್ ಓವರ್‌ಸೀಸ್’ ಇಲಾಖೆ, 1944ರಿಂದ ಅದರ ಹೆಸರು ‘ಕಾಮನ್‌ವೆಲ್ತ್ ರಿಲೇಶನ್ಸ್’. ಎರಡೂ ಹೆಸರಲ್ಲಿ ನೋಡಬೇಕು. ಇಂಗ್ಲಿಷಿನಲ್ಲಿ ಹಳೇ ಕಾಗುಣಿತವನ್ನೇ ಹಾಕಿ: ‘ಬಳ್ಳಾರಿ’ ಅಂತಲ್ಲ, ‘ಬೆಲ್ಲರಿ’, ‘ಯಾಂಗೊನ್’ ಅಲ್ಲ, ‘ರಂಗೂನ್’. ಮನೆಯವರ ಹೆಸರನ್ನು ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಅಜ್ಜಿಯ ಹೆಸರಿಗೆ ನಾನು ಆರು ಕಾಗುಣಿತ ಬರೆದಿಟ್ಟುಕೊಂಡಿದ್ದೆ. ಸಿಕ್ಕಿದ್ದು ಏಳನೆಯದು.

ದೆಹಲಿಯ ಕಡತದಲ್ಲಿ ಸಿಕ್ಕಿದ್ದು ಯೋಜನೆಯ ನಿಯಮ, ಪತ್ರವ್ಯವಹಾರ ಮಾತ್ರ. ಅದರಲ್ಲಿದ್ದ ತಾರೀಖು ಹಿಡಿದು ಮತ್ತೆ ಚೆನ್ನೈಗೆ ಹೋದೆ. ಮೂರನೇ ದಿನ ಮಧ್ಯಾಹ್ನ, ನಮ್ಮ ಜಿಲ್ಲೆಯಿಂದ ಹೋದ ಒಂದು ಪತ್ರದ ಹಿಂದೆ ಟೈಪ್ ಮಾಡಿದ ಪಟ್ಟಿ. ಅಜ್ಜಿಯ ಹೆಸರು, ನಮ್ಮೂರು, ಪಕ್ಕದಲ್ಲಿ: ಗಂಡ ರಂಗೂನಿನ ಅಕ್ಕಿ ಗಿರಣಿಯಲ್ಲಿ ಗುಮಾಸ್ತ, 1942ರ ಜನವರಿಯ ನಂತರ ಸುದ್ದಿ ಇಲ್ಲ. ಓದುವ ಕೋಣೆಯಲ್ಲಿ ಕಣ್ಣೀರು ತಡೆಯಲಾಗಲಿಲ್ಲ.

ಫೋನಿನಲ್ಲಿ ಚಿತ್ರ ಹಿಡಿದುಕೊಂಡರೆ ಪುರಾವೆ ಆಗುವುದಿಲ್ಲ. ಕಡತದ ಇಲಾಖೆ, ಸಂಖ್ಯೆ, ತಾರೀಖು, ಪುಟ ಬರೆದುಕೊಂಡು ದೃಢೀಕೃತ ನಕಲಿಗೇ ಅರ್ಜಿ ಕೊಡಿ. ಮುದ್ರೆ, ಸಹಿ ಎರಡೂ ಬಿದ್ದಿವೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಇನ್ನೊಂದು ಕಚೇರಿಯಲ್ಲಿ ನನಗೆ ಮುದ್ರೆಯಿಲ್ಲದ ನಕಲು ಕೊಟ್ಟು ಕಳಿಸಿದ್ದರು, ಅದಕ್ಕಾಗಿ ಎರಡು ಸಲ ಓಡಾಡಬೇಕಾಯಿತು.

ಕಾಗದವನ್ನು ಅವ್ವನ ಕೈಗಿಟ್ಟು ಆ ಸಾಲನ್ನು ಕನ್ನಡದಲ್ಲಿ ಹೇಳಿದೆ. ಇನ್ನೊಮ್ಮೆ ಹೇಳು ಅಂದಳು. ಆಮೇಲೆ ಕಾಗದವನ್ನು ತಿರುಗಿಸಿ ನೋಡಿ ಕೇಳಿದಳು: “ನಮ್ಮವ್ವನ ಹೆಬ್ಬೆಟ್ಟು ಇದರಾಗ ಇಲ್ಲೇನು?”

ಇಲ್ಲ, ಇದು ಟೈಪ್ ಮಾಡಿದ ಪಟ್ಟಿ. ಹೆಬ್ಬೆಟ್ಟು ಇರುವುದು ಮೂಲ ಅರ್ಜಿಯಲ್ಲಿ. ಅದನ್ನೀಗ ಹುಡುಕುತ್ತಿದ್ದೇನೆ.