ಟಾರ್ಟನ್ ಬಿಟ್ಟು ಬೇರೆ ಉಣ್ಣೆ ಬಟ್ಟೆಯಲ್ಲಿ ಕಿಲ್ಟ್ ಹೊಲಿಯಬೇಕಾ? ಥಾನನ್ನು ಮೊದಲು ಅಡ್ಡ ತಿರುಗಿಸಿ ನೋಡಿ

ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರು ಮೊಣಕಾಲಿನವರೆಗೆ ಉಡುವ ನಿರಿಗೆಯ ಲಂಗ, ಅಂದ ಕೂಡಲೇ ಚೌಕಳಿ ಚೌಕಳಿಯ ಟಾರ್ಟನ್ ಬಟ್ಟೆ ಕಣ್ಣಿಗೆ ಬರುತ್ತದೆ, ಅಲ್ವಾ? ಆದರೆ ಟಾರ್ಟನ್ನೇ ಆಗಬೇಕು ಅಂತ ಸ್ಕಾಟ್ಲೆಂಡಿನಲ್ಲೂ ಕಟ್ಟುಪಾಡಿಲ್ಲ. 1859ರಲ್ಲಿ ಶುರುವಾದ ಲಂಡನ್ ಸ್ಕಾಟಿಷ್ ಪಡೆ ಆರಿಸಿಕೊಂಡದ್ದು ಹಾಡನ್ ಗ್ರೇ ಅನ್ನುವ ಒಂದೇ ಬಣ್ಣದ ಬಟ್ಟೆಯನ್ನು. ಯಾವ ಕುಲದ ಟಾರ್ಟನ್ ಹಾಕೋಣ ಅನ್ನುವ ಜಗಳವೇ ಬೇಡ ಅಂತ ಪಡೆ ಕಟ್ಟಿದ ಲಾರ್ಡ್ ಎಲ್ಚೊ ಹೀಗೆ ಮಾಡಿದರು. ಐರಿಷ್ ಪೈಪ್ ವಾದಕರ ಕಿಲ್ಟ್ ಸಾಮಾನ್ಯವಾಗಿ ಬರೀ ಕೇಸರಿ. ಎಡಿನ್‌ಬರೋದ ಹೋವಿ ನಿಕಲ್ಸ್‌ಬಿ 1990ರ ದಶಕದಿಂದಲೂ ಟ್ವೀಡ್, ಡೆನಿಮ್, ಚರ್ಮದಲ್ಲೆಲ್ಲ ಕಿಲ್ಟ್ ಮಾಡುತ್ತಾ ಬಂದಿದ್ದಾರೆ. ಹಾಗಾಗಿ ಹಿಂಜರಿಕೆ ಬೇಡ.

ತೊಂದರೆ ಬೇರೆ ಕಡೆ ಇದೆ. ಟಾರ್ಟನ್ ನೇಯುವ ಗಿರಣಿ ಕಿಲ್ಟ್ ಮನಸ್ಸಿನಲ್ಲಿ ಇಟ್ಟುಕೊಂಡೇ ಬಟ್ಟೆ ನೇಯುತ್ತದೆ. ತೂಕ, ನೂಲು, ಅಂಚು ಎಲ್ಲ ಸರಿಯಾಗಿ ಬರುತ್ತದೆ. ಕೋಟು, ಪ್ಯಾಂಟಿಗೆ ನೇಯ್ದ ಬಟ್ಟೆ ತಂದರೆ ಆ ಪರೀಕ್ಷೆಗಳನ್ನೆಲ್ಲ ನಾವೇ ಮಾಡಿಕೊಳ್ಳಬೇಕು.

ಮೊದಲು ಥಾನನ್ನು ಅಡ್ಡ ಹಿಡಿಯಿರಿ

ಅಂಗಡಿಯಲ್ಲಿ ಬಹಳ ಜನ ಮರೆಯುವುದು ಇದನ್ನೇ. ಪ್ಯಾಂಟಿನಲ್ಲಿ ಹಾಸಿನ ನೂಲು, ಅಂದರೆ ಥಾನಿನ ಉದ್ದಕ್ಕೆ ಓಡುವ ನೂಲು, ಮೇಲಿನಿಂದ ಕೆಳಕ್ಕೆ ಬರುತ್ತದೆ. ಕಿಲ್ಟ್‌ನಲ್ಲಿ ಅದು ಸೊಂಟದ ಸುತ್ತ ಅಡ್ಡಲಾಗಿ ಓಡುತ್ತದೆ, ನೇಯ್ಗೆಯ ಅಂಚು ಮೊಣಕಾಲಿನ ಹತ್ತಿರ ಬರುತ್ತದೆ. ಸೀರೆ ಉಟ್ಟಾಗ ಅಂಚು ಕೆಳಗೆ ಬಂದು ಉದ್ದ ಮೈ ಸುತ್ತುತ್ತದಲ್ಲ, ಹಾಗೇ. ಅದಕ್ಕೇ ಕಿಲ್ಟಿನ ಕೆಳಗೆ ಮಡಚಿ ಹೊಲಿಯುವ ಕೆಲಸವಿಲ್ಲ.

ಇದರ ಪರಿಣಾಮ ಏನು ಅಂದರೆ, ಥಾನಿನಲ್ಲಿ ಉದ್ದುದ್ದ ಕಾಣುವ ಸೂಟಿನ ಸಣ್ಣ ಪಟ್ಟೆಗಳು ಕಿಲ್ಟ್ ಆದಾಗ ಹೊಟ್ಟೆಯ ಸುತ್ತ ಬಳೆ ಬಳೆಯಾಗಿ ನಿಲ್ಲುತ್ತವೆ. ಮೀನಿನ ಮುಳ್ಳಿನಂತೆ ಕಾಣುವ ಹೆರಿಂಗ್‌ಬೋನ್ ನೇಯ್ಗೆಯ ಸಾಲುಗಳೂ ಮಲಗಿಬಿಡುತ್ತವೆ. ಹೆರಿಂಗ್‌ಬೋನ್ ಮಲಗಿದರೆ ನನಗೇನೂ ಬೇಸರವಿಲ್ಲ, ಸಣ್ಣ ನೇಯ್ಗೆಯಾದರೆ ದೂರದಿಂದ ಗೊತ್ತೂ ಆಗುವುದಿಲ್ಲ. ಪಟ್ಟೆ ಮಾತ್ರ ಅಡ್ಡಡ್ಡ ಚೆನ್ನಾಗಿರುವುದಿಲ್ಲ.

ಪಟ್ಟೆ ನೆಟ್ಟಗೇ ಬೇಕು ಅಂತ ಹಟವಿದ್ದರೆ ದಾರಿ ಇದೆ. 150 ಸೆಂ.ಮೀ. ಅಗಲದ ಬಟ್ಟೆಯನ್ನು 65 ಸೆಂ.ಮೀ. ಉದ್ದದ ತುಂಡುಗಳಾಗಿ ಕತ್ತರಿಸಿ, ಪಕ್ಕಕ್ಕೆ ಪಕ್ಕ ಜೋಡಿಸಿ, ಜೋಡಣೆಯ ಹೊಲಿಗೆಗಳನ್ನು ನಿರಿಗೆಯ ಒಳಗೆ ಬಚ್ಚಿಡಬೇಕು. ಐದು ತುಂಡಿಗೆ 3.25 ಮೀಟರ್ ಸಾಕು, ಸುತ್ತಳತೆಗೆ ಹತ್ತಿರ ಹತ್ತಿರ ಏಳೂವರೆ ಮೀಟರ್ ಸಿಗುತ್ತದೆ. ಪ್ರತಿ ನಿರಿಗೆಯ ಅಂಚಿನಲ್ಲಿ ಒಂದೊಂದು ಪಟ್ಟೆ ಬರುವಂತೆ ಮಡಚಿದರೆ ತುಂಬಾ ಚೆಂದ. ಬದಲಿಗೆ ಕೆಳಗೆ ಮಡಚಿ ಹೊಲಿಯಲೇಬೇಕಾಗುತ್ತದೆ, ಅಲ್ಲಿ ಪ್ರತಿ ಮಡಿಕೆಯೂ ಎರಡು ಪಟ್ಟು ದಪ್ಪ. ಮೊದಲ ಸಲ ಹೊಲಿಯುವವರಿಗೆ ನಾನು ಇದನ್ನು ಹೇಳುವುದಿಲ್ಲ.

ತೂಕ, ಆಮೇಲೆ ನೂಲು

ಕಿಲ್ಟ್ ಬಟ್ಟೆಯ ತೂಕವನ್ನು ಗಜಕ್ಕೆ ಇಷ್ಟು ಔನ್ಸ್ ಅಂತ ಹೇಳುತ್ತಾರೆ. 10-11 ಔನ್ಸ್ ಹಗುರ, 13 ಮಧ್ಯಮ, 16 ಭಾರ. 16 ಔನ್ಸ್ ಅಂದರೆ ಸುಮಾರು 450 ಗ್ರಾಂ. ಹೊಸ ಬಟ್ಟೆ ಹುಡುಕುವಾಗ 13ರಿಂದ 16ರ ನಡುವೆ ಇರಿ. ತೀರಾ ಹಗುರವಾದರೆ ಗಾಳಿಗೆ ಹಾರುತ್ತದೆ, ನಿರಿಗೆ ತೂಗುವುದಿಲ್ಲ. ಸೂಪರ್ 120 ಅಂತ ಮಾರುವ ನಯವಾದ ಸೂಟಿಂಗ್ ಕೈಗೆ ಎಷ್ಟೇ ಹಿತವಾಗಿದ್ದರೂ ಬಿಡಿ. ಲೈಕ್ರಾ ಸೇರಿದ, ಎಳೆದರೆ ಹಿಗ್ಗುವ ಬಟ್ಟೆಯೂ ಬೇಡ.

ತೂಕಕ್ಕಿಂತ ಮುಖ್ಯವಾದದ್ದು ನೂಲು. ಉದ್ದ ಎಳೆಗಳನ್ನು ಬಾಚಿ, ಒಂದೇ ದಿಕ್ಕಿಗೆ ಜೋಡಿಸಿ, ಬಿಗಿಯಾಗಿ ಹುರಿ ಹಾಕಿದ್ದು ವರ್ಸ್ಟೆಡ್. ಮಾಮೂಲಿ ಕಿಲ್ಟ್ ಬಟ್ಟೆ ಇದೇ. ಇಸ್ತ್ರಿಯ ಗೆರೆ ಹಿಡಿದುಕೊಳ್ಳುತ್ತದೆ. ಗಿಡ್ಡ ಎಳೆಗಳು ಅಡ್ಡಾದಿಡ್ಡಿ ಕೂತ ಮೆತ್ತನೆಯ ನೂಲು ವುಲನ್, ಬಹಳಷ್ಟು ಟ್ವೀಡ್ ಈ ಗುಂಪಿನದು. ಬೆಚ್ಚಗಿರುತ್ತದೆ, ಬಣ್ಣದಲ್ಲಿ ಆಳವಿರುತ್ತದೆ, ಆದರೆ ನಿರಿಗೆ ಚೂಪಾಗಿ ನಿಲ್ಲದೆ ದುಂಡಗಾಗುತ್ತದೆ.

ಹ್ಯಾರಿಸ್ ಟ್ವೀಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಎಲ್ಲರಿಗೂ ಆಸೆ ಹುಟ್ಟಿಸುವುದು ಅದೇ. 1993ರ ಕಾಯ್ದೆಯ ಪ್ರಕಾರ ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲೇ ಬಣ್ಣ ಹಾಕಿ, ನೂತು, ಅಲ್ಲಿನವರು ತಮ್ಮ ಮನೆಯಲ್ಲೇ ಕೈಯಿಂದ ನೇಯ್ದ ಅಪ್ಪಟ ಉಣ್ಣೆಗೆ ಮಾತ್ರ ಆ ಹೆಸರು. ಹಳೆಯ ಹ್ಯಾಟರ್ಸ್ಲಿ ಮಗ್ಗದಲ್ಲಿ ನೇಯ್ದದ್ದು 75 ಸೆಂ.ಮೀ. ಅಗಲ ಇರುತ್ತದೆ. ಕಿಲ್ಟಿನ ಉದ್ದ ಸುಮಾರು 60 ಸೆಂ.ಮೀ. ನೋಡಿ, ಅಳತೆ ಹೇಗೆ ಕೂಡಿಬಂತು! ಎರಡೂ ಕಡೆ ಅಂಚು, ಉದ್ದಕ್ಕೆ ಸೀಳುವ ಕೆಲಸವೂ ಇಲ್ಲ. ಆದರೆ ಅದು ವುಲನ್, ದಪ್ಪ. ಸೊಂಟದ ಕೆಳಗೆ ಚಾಕುವಿನ ಅಲಗಿನಂಥ ನಿರಿಗೆ ಬೇಕೆನ್ನುವವರು ಇದನ್ನು ಕೊಂಡು ಬೇಸರ ಪಡಬೇಡಿ. ಸೊಂಟದಿಂದ ಮುಂದೆ ನೇತಾಡುವ ಸ್ಪೊರನ್ ಚೀಲ ಉಜ್ಜುವ ಮುಂಭಾಗದಲ್ಲಿ ಮೆತ್ತನೆಯ ಟ್ವೀಡ್ ಬೇಗ ಜುಂಗು ಏಳುತ್ತದೆ ಅನ್ನುವುದೂ ನೆನಪಿರಲಿ.

ಟ್ವೀಡಿನಲ್ಲೇ ಗಟ್ಟಿ ಬೇಕಾದರೆ ಬಿಗಿ ಹುರಿಯ ಶೆವಿಯಟ್ ನೋಡಿ. ನನ್ನನ್ನು ಕೇಳಿದರೆ ಹೊಸಬರಿಗೆ ಸರ್ಜ್ ಒಳ್ಳೆಯದು. ಹಳೆಯ ಸಮವಸ್ತ್ರಗಳ ಬಟ್ಟೆ, ವರ್ಸ್ಟೆಡ್ ನೂಲು, ಟಾರ್ಟನ್‌ನದ್ದೇ ಟ್ವಿಲ್ ನೇಯ್ಗೆ, ಅಂದರೆ ಓರೆ ಗೆರೆ ಕಾಣುವ ನೇಯ್ಗೆ. ವರ್ಷಗಳು ಕಳೆದಂತೆ ಕೂರುವ ಕಡೆ ಹೊಳಪು ಬರುತ್ತದೆ, ಅಷ್ಟೇ ದೋಷ. ಕ್ಯಾವಲ್ರಿ ಟ್ವಿಲ್ ಕೂಡ ಚೆನ್ನಾಗಿ ಬೀಳುತ್ತದೆ. ಓವರ್‌ಕೋಟಿನ ಮೆಲ್ಟನ್, ಸೈನ್ಯದ ಹಳೆಯ ಹೊದಿಕೆ ಇವೆಲ್ಲ ಬೇಡ. ನಮ್ಮ ಕಂಬಳಿಯಲ್ಲಿ ಆಗುತ್ತದಾ ಅಂತ ಕೇಳುವವರಿಗೂ ಇದೇ ಉತ್ತರ. ದಪ್ಪ, ಒರಟು, ಮೇಲೆ ಹುಣಸೆಬೀಜದ ಗಂಜಿ ಬೇರೆ. ನಿರಿಗೆ ಕೂರುವುದಿಲ್ಲ.

ದಪ್ಪದ ಲೆಕ್ಕ

ಒಂದು ನಿರಿಗೆಗೆ 6 ಇಂಚು ಬಟ್ಟೆ ಹಿಡಿಯುತ್ತದೆ, ಹೊರಗೆ ಕಾಣುವುದು ಮುಕ್ಕಾಲು ಇಂಚು ಅಂತ ಇಟ್ಟುಕೊಳ್ಳಿ. ಹಾಗಾದರೆ ಹಿಂಭಾಗದಲ್ಲಿ ಎಂಟು ಪದರ. ಬಟ್ಟೆ 1 ಮಿ.ಮೀ. ದಪ್ಪವಿದ್ದರೆ 8 ಮಿ.ಮೀ., 2 ಇದ್ದರೆ 16! ಕಿಲ್ಟ್ ಹೊಲಿಯುವವರು ಸೊಂಟದ ಒಳಗಿನ ಹೆಚ್ಚುವರಿ ಬಟ್ಟೆ ಕತ್ತರಿಸಿ ತೆಗೆದು ಕ್ಯಾನ್ವಾಸ್ ಕೊಡುತ್ತಾರೆ, ಆದರೂ ದಪ್ಪ ಪೂರ್ತಿ ಹೋಗುವುದಿಲ್ಲ.

ದಪ್ಪ ಟ್ವೀಡೇ ಬೇಕಾದರೆ ಬಾಕ್ಸ್ ನಿರಿಗೆ, ಅಂದರೆ ಎರಡು ಮಡಿಕೆ ಹಿಂದೆ ಎದುರುಬದುರು ಕೂಡುವ ಚಪ್ಪಟೆ ನಿರಿಗೆ, ಹಾಕಿ. ಅಲ್ಲಿ ಮೂರೇ ಪದರ. 18ನೇ ಶತಮಾನದ ಕೊನೆಯ, ಮೊದಮೊದಲ ಹೊಲಿದ ಕಿಲ್ಟುಗಳೂ ಹೀಗೇ ಇದ್ದವು, ಸುಮಾರು 4 ಗಜದವು. ಇವತ್ತು ಎಲ್ಲರೂ ಹೇಳುವ 8 ಗಜ ಆಮೇಲೆ ಬಂದದ್ದು. ಚೌಕಳಿ ಹೊಂದಿಸುವ ಗೋಜಿಲ್ಲದ ಒಂದೇ ಬಣ್ಣದ ಬಟ್ಟೆಯಲ್ಲಿ ನಿರಿಗೆಯ ಆಳವನ್ನು ನಿಮಗೆ ಬೇಕಾದಷ್ಟು ಇಟ್ಟುಕೊಳ್ಳಬಹುದು, ಇದೊಂದು ದೊಡ್ಡ ಸೌಕರ್ಯ.

ಮನೆಯಲ್ಲಿ ಪರೀಕ್ಷೆ

ಪೂರ್ತಿ ಬಟ್ಟೆ ಕೊಳ್ಳುವ ಮೊದಲು ಅರ್ಧ ಮೀಟರ್ ತನ್ನಿ. ಹಾಸಿನ ನೂಲು ಅಡ್ಡ ಬರುವಂತೆ ಹಿಡಿದು ಮೂರು ನಿರಿಗೆ ಮಡಚಿ, ಕಚ್ಚಾ ಹೊಲಿಗೆ ಹಾಕಿ. ಮೇಲೆ ಒದ್ದೆ ಹತ್ತಿಬಟ್ಟೆ ಹಾಸಿ ಬಿಸಿ ಇಸ್ತ್ರಿಯನ್ನು ಒತ್ತಿ, ಎಳೆದಾಡಬೇಡಿ. ಪೂರ್ತಿ ತಣ್ಣಗಾದ ಮೇಲೆ ನೂಲು ಬಿಚ್ಚಿ, ರಾತ್ರಿಯಿಡೀ ನೇತು ಹಾಕಿ. ಬೆಳಗ್ಗೆ ಗೆರೆ ಹಾಗೇ ಇದ್ದರೆ ತೊಂದರೆಯಿಲ್ಲ. ಉಬ್ಬಿ ಬಿಚ್ಚಿಕೊಂಡಿದ್ದರೆ ಬಾಕ್ಸ್ ನಿರಿಗೆಗೆ ಇಟ್ಟುಕೊಳ್ಳಿ, ಇಲ್ಲವೇ ಬೇರೆ ಬಟ್ಟೆ ನೋಡಿ. ಇನ್ನೊಂದು ತುಂಡನ್ನು ಅಳೆದು, ಹಬೆ ಕೊಟ್ಟು, ಮತ್ತೆ ಅಳೆಯಿರಿ. ಕುಗ್ಗಿದ್ದರೆ ಇಡೀ ಬಟ್ಟೆಗೆ ಹೊಲಿಯುವ ಮೊದಲೇ ಹಬೆ ಕೊಡಬೇಕು. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದಾ ಅಂತಲೂ ನೋಡಿ, ಸ್ಕಾಟ್ಲೆಂಡಿನ ಮಳೆಯಲ್ಲಿ ಕೆನೆಬಣ್ಣದ ಕಾಲುಚೀಲ ಹಾಕಿಕೊಂಡು ನಿಲ್ಲುವವರು ನೀವು.

ಕೊನೆಗೆ ಅಂಚು. 150 ಸೆಂ.ಮೀ. ಬಟ್ಟೆಯನ್ನು ಉದ್ದಕ್ಕೆ ಸೀಳಿದರೆ ಎರಡು ಪಟ್ಟಿ, ಪ್ರತಿ ಪಟ್ಟಿಗೂ ಒಂದೊಂದು ಅಂಚು. ನಾಲ್ಕು ಮೀಟರ್ ಕೊಂಡರೆ ಎಂಟು ಮೀಟರ್ ಆಯಿತು. ಆದರೆ ಎರಡು ಅಂಚೂ ಚೊಕ್ಕಟವಾಗಿರಬೇಕು. ಸೂಟಿಂಗಿನಲ್ಲಿ ಗಿರಣಿಯ ಹೆಸರು ನೇಯ್ದಿರುತ್ತಾರೆ, ಕೆಲವದರಲ್ಲಿ ಜೂಲು, ಸೂಜಿತೂತು. ಹಾಗಿದ್ದರೆ ಕೆಳಗೆ ಸಣ್ಣದಾಗಿ ಮಡಚಿ, ಹೊರಗೆ ಕಾಣದಂತೆ ಕೈಹೊಲಿಗೆ ಹಾಕಿ, ಆಮೇಲಷ್ಟೇ ನಿರಿಗೆಗೆ ಇಸ್ತ್ರಿ ಒತ್ತಿ. ಇನ್ನೊಂದು ಮಾತು, ನಯವಾದ ರೋಮವಿರುವ ಬಟ್ಟೆಯಾದರೆ ಸೀಳಿದ ಎರಡು ಪಟ್ಟಿಗಳ ರೋಮ ಎದುರುಬದುರು ಓಡುತ್ತದೆ, ಜೋಡಿಸಿದಾಗ ಒಂದರ ಬಣ್ಣ ಮಬ್ಬು, ಇನ್ನೊಂದರದು ಗಾಢ ಕಾಣುತ್ತದೆ. ಅಂಥ ಬಟ್ಟೆಯನ್ನು ಬೆಳಕಿಗೆ ಹಿಡಿದು, ಎರಡೂ ದಿಕ್ಕಿಗೆ ಸವರಿ ನೋಡಿಯೇ ದುಡ್ಡು ಕೊಡಿ.