ಎನ್‌ಐಸಿಯು ಸಿಬ್ಬಂದಿಗೆ ಸೋಂಕು ತಡೆಯುವ ತರಬೇತಿ ಕೊಡುವುದು ಹೇಗೆ

ಎನ್‌ಐಸಿಯು ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ. ಅಲ್ಲಿನ ಒಂದು ಕಿಲೋ ತೂಕದ ಮಗುವಿನ ಚರ್ಮ ಎಷ್ಟು ತೆಳುವೆಂದರೆ, ಪ್ಲಾಸ್ಟರ್ ಅವಸರದಲ್ಲಿ ಕಿತ್ತರೆ ಚರ್ಮವೂ ಏಳುತ್ತದೆ. ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಒಂದು ಮಗುವಿನಿಂದ ಇನ್ನೊಂದಕ್ಕೆ ಹೋಗುವುದು ಬಹುಪಾಲು ನಮ್ಮ ಕೈಗಳ ಮೂಲಕ. ಹಾಗಾಗಿ ತರಬೇತಿಗೆ ಸೆಮಿನಾರ್ ಹಾಲ್ ಬೇಡ. ಡ್ಯೂಟಿ ಬದಲಾಗುವ ಹೊತ್ತಿಗೆ ಖಾಲಿ ವಾರ್ಮರ್ (ಮಗುವನ್ನು ಬೆಚ್ಚಗಿಡುವ ಹಾಸಿಗೆ) ಮೇಲೊಂದು ಗೊಂಬೆ ಮಲಗಿಸಿ, ನಾಲ್ಕೈದು ಜನರಿಗೆ 15 ನಿಮಿಷ ಕೊಡಿ. ಸಿಸ್ಟರ್‌ಗಳ ಜೊತೆ ಆಯಾ, ಎಕ್ಸ್‌ರೇ ಟೆಕ್ನಿಷಿಯನ್, ಪಿಜಿ ಡಾಕ್ಟರ್ ಕೂಡ ಇರಲಿ. ಬೆಂಗಳೂರಿನ ವಾರ್ಡಿನಲ್ಲಿ ನಾಲ್ಕೈದು ಭಾಷೆ ಓಡಾಡುತ್ತವೆ; ಹೇಳುವುದಕ್ಕಿಂತ ಮಾಡಿ ತೋರಿಸಿ.

ಮೊದಲು ಮೊಣಕೈವರೆಗೆ ಬರಿಗೈ. ಉಂಗುರ, ಬಳೆ, ವಾಚು, ಪೂಜೆಯ ದಾರ ಯಾವುದೂ ಬೇಡ. ಡಿಸೆಂಬರ್ ಚಳಿಗೆ ಸ್ವೆಟರ್ ತೋಳು ಮಣಿಕಟ್ಟಿಗೆ ಇಳಿದಿರುತ್ತದೆ, ಅದನ್ನು ಒಳಗೆ ಬರುವ ಮೊದಲೇ ತೆಗೆಸಿ.

ಆಮೇಲೆ ಬಣ್ಣದ ಪಾಠ. ಗ್ಲೌಸ್ ಹಾಕಿಸಿ, ಪೋಸ್ಟರ್ ಬಣ್ಣ ಒಂದು ಚಮಚ ಸುರಿದು, ಕಣ್ಣು ಮುಚ್ಚಿ ಸ್ಯಾನಿಟೈಸರಿನಂತೆ ಉಜ್ಜಲು ಹೇಳಿ. ಕಣ್ಣು ಬಿಟ್ಟಾಗ ಹೆಬ್ಬೆರಳ ಬುಡ, ಬೆರಳ ತುದಿ, ಬೆರಳ ಸಂದು ಹಾಗೇ ಬೆಳ್ಳಗಿರುತ್ತವೆ. ಹತ್ತು ಸ್ಲೈಡ್ ಹೇಳದ್ದನ್ನು ಆ ಬಿಳಿ ಹೇಳುತ್ತದೆ. ಸ್ಯಾನಿಟೈಸರ್ 20ರಿಂದ 30 ಸೆಕೆಂಡು, ಸೋಪು-ನೀರಾದರೆ 40ರಿಂದ 60. ಕೈಯಲ್ಲಿ ಕೊಳೆ, ರಕ್ತ ಕಂಡರೆ ಸೋಪೇ ಆಗಬೇಕು. ಪಂಪಿನ ಒಂದು ಒತ್ತಿಗೆ ಎಷ್ಟು ಬೀಳುತ್ತದೆಂದು ಸಿರಿಂಜಿನಲ್ಲಿ ಅಳೆದು ನೋಡಿ. ಸುಮಾರು 3 ಮಿ.ಲೀ. ಬೇಕು. ಕೈ ಬೇಗ ಒಣಗಿದರೆ ಹಾಕಿದ್ದು ಸಾಲದು ಎಂದರ್ಥ.

ಹೆಚ್ಚಿನವರು ಎಡವುವುದು ಗ್ಲೌಸಿನಲ್ಲಿ. ಗ್ಲೌಸ್ ಹಾಕಿಕೊಂಡೇ ಡೈಪರ್ ಬದಲಿಸಿ, ಮಾನಿಟರ್ ಒತ್ತಿ, ಮೊಬೈಲ್ ಎತ್ತಿ, ಅದೇ ಕೈಯಲ್ಲಿ ಐವಿ ಲೈನ್ (ರಕ್ತನಾಳಕ್ಕೆ ಔಷಧಿ ಹೋಗುವ ನಳಿಕೆ) ಮುಟ್ಟುತ್ತಾರೆ. ಗೊಂಬೆಯ ಮೇಲೆ ಇದನ್ನೇ ಮಾಡಿಸಿ, ಎಲ್ಲಿ ನಿಲ್ಲಬೇಕಿತ್ತೆಂದು ಅವರ ಬಾಯಲ್ಲೇ ಹೇಳಿಸಿ. ಲೈನ್ ತೆರೆಯುವ ಮುನ್ನ ಅದರ ಹಬ್ (ಸಿರಿಂಜ್ ಸೇರಿಸುವ ಬಾಯಿ) ಅನ್ನು ಸ್ಪಿರಿಟ್ ಸ್ವಾಬಿನಿಂದ 15 ಸೆಕೆಂಡು ತಿರುಚಿ ಉಜ್ಜಬೇಕು, ಆಮೇಲೆ ಆರಲು ಬಿಡಬೇಕು. ಒದ್ದೆಯಿರುವಾಗಲೇ ಸಿರಿಂಜ್ ಚುಚ್ಚಿದರೆ ಉಜ್ಜಿದ್ದು ದಂಡ.

ಆಯಾಗಳಿಗೆ ಹೈಪೋಕ್ಲೋರೈಟ್ (ಕ್ರಿಮಿ ಕೊಲ್ಲುವ ಬ್ಲೀಚ್ ದ್ರಾವಣ) ಬೆರೆಸುವುದನ್ನು ಅಳತೆ ಜಗ್ಗಿನಲ್ಲೇ ಕಲಿಸಿ: 5% ದ್ರಾವಣ 200 ಮಿ.ಲೀ., ನೀರು 800 ಮಿ.ಲೀ. ಸೇರಿದರೆ 1%. ಲೇಬಲ್ಲಿನಲ್ಲಿ 10% ಎಂದಿದ್ದರೆ 100ಕ್ಕೆ 900. ದಿನಾ ಹೊಸದಾಗಿ ಬೆರೆಸಿ, ಇಟ್ಟಷ್ಟೂ ಶಕ್ತಿ ಕಳೆದುಕೊಳ್ಳುತ್ತದೆ. ಟಾಯ್ಲೆಟ್ ಆ್ಯಸಿಡ್ ಜೊತೆ ಎಂದೂ ಸೇರಿಸಬಾರದು, ವಿಷಗಾಳಿ ಏಳುತ್ತದೆ. ಮಗುವನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಪೆಟ್ಟಿಗೆಯ ಅಕ್ರಿಲಿಕ್‌ಗೆ ಸ್ಪಿರಿಟ್ ಬೇಡ, ಬಿರುಕು ಬಿಡುತ್ತದೆ. ಫಿನೈಲ್ ನವಜಾತರ ವಾರ್ಡಿಗೆ ತರಲೇಬಾರದು.

ಸ್ಟೆತಸ್ಕೋಪ್, ಅಳತೆ ಟೇಪು ಮಗುವಿಗೊಂದರಂತೆ. ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್‌ನ ನೀರು ಸ್ಟೆರೈಲ್ (ಕ್ರಿಮಿರಹಿತ) ಆಗಿರಲಿ.

ವಾರದ ನಂತರ ಸದ್ದಿಲ್ಲದೆ ಎಣಿಸಿ: ಕೈ ಶುಚಿ ಮಾಡಬೇಕಿದ್ದ 20 ಸಂದರ್ಭಗಳಲ್ಲಿ 13 ಬಾರಿ ಮಾಡಿದ್ದರೆ 65%. ಯಾರ ಹೆಸರೂ ಬರೆಯಬೇಡಿ, ತಪ್ಪಿದ ಕ್ಷಣ ಯಾವುದೆಂದು ಬರೆಯಿರಿ. ರೌಂಡ್ಸಿನಲ್ಲಿ ಆಯಾ “ಸರ್, ಕೈ” ಎಂದರೆ ದೊಡ್ಡ ಡಾಕ್ಟರೂ ಅಲ್ಲೇ ನಿಂತು ಉಜ್ಜಿಕೊಳ್ಳಬೇಕು ಎಂಬುದನ್ನು ತರಬೇತಿಯಲ್ಲೇ ಅಭಿನಯಿಸಿ ತೋರಿಸಿ. ಒಮ್ಮೆ ಗದರಿದರೆ ಆಕೆ ಮತ್ತೆ ಬಾಯಿ ತೆರೆಯುವುದಿಲ್ಲ.