ಸ್ನೋ ಸ್ಟಾರ್ಮ್ ಬರುವ ಮುಂಚೆ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಅಮೆರಿಕದಲ್ಲಿ ಮೊದಲ ಚಳಿಗಾಲ ನೋಡುತ್ತಿರುವವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಸ್ನೋದಲ್ಲಿ ಕಾರು ಓಡಿಸುವುದು ಹೇಗೆ? ಅದನ್ನೂ ಬರೆಯುತ್ತೇನೆ. ಆದರೆ ಅದಕ್ಕಿಂತ ಮೊದಲು ಕಲಿಯಬೇಕಾದ ಮಾತೊಂದಿದೆ: ‘ಇವತ್ತು ನಾನು ಬರೋಕಾಗಲ್ಲ.’

ಹೊಸಬರಿಗೆ ಇದನ್ನು ಹೇಳುವುದೇ ಕಷ್ಟ. ಕೆಲಸಕ್ಕೆ ಸೇರಿ ಎರಡು ಮೂರು ತಿಂಗಳಾಗಿರುತ್ತದೆ. ವೀಸಾ ಕಂಪನಿಯನ್ನು ನಂಬಿಕೊಂಡಿರುತ್ತದೆ. ಮ್ಯಾನೇಜರ್ ಏನಂದುಕೊಳ್ಳುತ್ತಾರೋ ಅನ್ನುವ ಅಳುಕು ಬೇರೆ. ಹಾಗಾಗಿ ಬೀದಿಯಲ್ಲಿ ಒಬ್ಬರೂ ಹೊರಗೆ ಬರದ ದಿನ ನಮ್ಮವರು ಕಾರು ತೆಗೆಯುತ್ತಾರೆ. ದಯವಿಟ್ಟು ಬೇಡ. ಸ್ಟಾರ್ಮ್ ಇರುವ ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ ಅನ್ನುವುದು ಇಲ್ಲಿ ತೀರಾ ಮಾಮೂಲಿ ಮಾತು. ಹಿಂದಿನ ದಿನವೇ ಎರಡು ಸಾಲಿನ ಮೆಸೇಜ್ ಹಾಕಿ, ಲ್ಯಾಪ್‌ಟಾಪ್ ಮನೆಗೆ ತನ್ನಿ, ಅಷ್ಟೇ. ಹೋಗಲೇಬೇಕಾದ ಕೆಲಸವಾದರೆ ಶಿಫ್ಟ್ ಬದಲಾಯಿಸಿಕೊಳ್ಳಲು ಆಗುತ್ತಾ ಅಂತ ಮೊದಲೇ ಕೇಳಿ. ಕೇಳಿದ್ದಕ್ಕೆ ಯಾರೂ ನಿಮ್ಮನ್ನು ಸೋಮಾರಿ ಅಂದುಕೊಳ್ಳುವುದಿಲ್ಲ.

ಸರ್ಕಾರ ರಸ್ತೆ ಮುಚ್ಚಿದಾಗ ನೋಡಿಕೊಳ್ಳೋಣ ಅಂತ ಕಾಯಬೇಡಿ. 2022ರ ಕ್ರಿಸ್‌ಮಸ್ ಹೊತ್ತಿಗೆ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಸತತ 37 ಗಂಟೆ ಬ್ಲಿಜರ್ಡ್, ಅಂದರೆ ಕಣ್ಣು ಕಾಣದಂಥ ಹಿಮದ ಬಿರುಗಾಳಿ, ಇತ್ತು. ಡಿಸೆಂಬರ್ 23ರಂದು ವಾಹನ ಓಡಿಸುವುದಕ್ಕೆ ನಿಷೇಧ ಬಂದದ್ದು ಬೆಳಗ್ಗೆ 9.30ಕ್ಕೆ. ಅಷ್ಟರಲ್ಲಿ ಎಷ್ಟೋ ಜನ ಕೆಲಸಕ್ಕೆ ಹೋಗಿಯಾಗಿತ್ತು. ಆಂಬುಲೆನ್ಸುಗಳೂ ಸ್ನೋದಲ್ಲಿ ಹೂತುಹೋದವು. ಆ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಒಂದರಲ್ಲೇ 40ಕ್ಕೂ ಹೆಚ್ಚು ಜನ ತೀರಿಕೊಂಡರು. ಅದರಲ್ಲಿ ಕೆಲವರು ಸಿಕ್ಕಿದ್ದು ಅವರವರ ಕಾರಿನೊಳಗೆ. ಚಳಿಗೆ ಹೆಸರಾದ ಊರು ಅದು, ಅಲ್ಲೇ ಹೀಗಾಯಿತು.

ಅದಕ್ಕೇ ಮುನ್ಸೂಚನೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಇಲ್ಲಿನ ಸರ್ಕಾರಿ ಹವಾಮಾನ ಇಲಾಖೆಯಾದ ನ್ಯಾಷನಲ್ ವೆದರ್ ಸರ್ವಿಸ್ ‘ವಿಂಟರ್ ಸ್ಟಾರ್ಮ್ ವಾಚ್’ ಅಂದರೆ ಬರಬಹುದು ಅಂತ. ಪೆಟ್ರೋಲ್, ಔಷಧಿ, ದಿನಸಿ ತರುವ ಹೊತ್ತು ಅದು. ‘ವಾರ್ನಿಂಗ್’ ಅಂದರೆ ಬಂದೇ ಬಿಟ್ಟಿತು ಅಂತ ಇಟ್ಟುಕೊಳ್ಳಿ. ಬ್ಲಿಜರ್ಡ್ ಅನ್ನುವುದಕ್ಕೆ ಲೆಕ್ಕ ಇದೆ: ಗಂಟೆಗೆ 35 ಮೈಲಿ ಅಥವಾ ಅದಕ್ಕಿಂತ ಜಾಸ್ತಿ ವೇಗದ ಗಾಳಿ, ಕಾಲು ಮೈಲಿ ದೂರವೂ ಕಾಣದಷ್ಟು ಹಾರುವ ಸ್ನೋ, ಅದೂ ಕಡಿಮೆ ಅಂದರೆ 3 ಗಂಟೆ. ಹೊಸದಾಗಿ ಸ್ನೋ ಬೀಳಲೇಬೇಕು ಅಂತೇನಿಲ್ಲ. ಬಿದ್ದಿರುವುದನ್ನೇ ಗಾಳಿ ಎಬ್ಬಿಸಿದರೂ ಕಣ್ಣು ಕಟ್ಟಿದಂತಾಗುತ್ತದೆ. ರಸ್ತೆ ಹೇಗಿದೆ ಅಂತ ತಿಳಿಯಲು ಬಹುತೇಕ ರಾಜ್ಯಗಳಲ್ಲಿ 511 ಅನ್ನುವ ಮಾಹಿತಿ ಸೇವೆ ಇದೆ, ಫೋನಿನಲ್ಲೂ ವೆಬ್‌ಸೈಟಿನಲ್ಲೂ. ಒಹಾಯೋದಂಥ ಕಡೆ ಕೌಂಟಿಯವರು ಲೆವೆಲ್ 1, 2, 3 ಅಂತ ಹೇಳುತ್ತಾರೆ. ಲೆವೆಲ್ 3 ಇರುವಾಗ ತುರ್ತು ಇಲ್ಲದೆ ಓಡಾಡಿದರೆ ಪೊಲೀಸರು ಹಿಡಿಯಬಹುದು. ನಿಮ್ಮ ಕೌಂಟಿಯಲ್ಲಿ ಪದ್ಧತಿ ಏನು ಅಂತ ಈಗಲೇ ನೋಡಿಟ್ಟುಕೊಳ್ಳಿ.

ಇನ್ನು ಒಂದು ವಿಷಯ ನಿಧಾನವಾಗಿ ಓದಿ. ಕಣ್ಣಿಗೆ ಭಯ ಹುಟ್ಟಿಸುವುದು ಸ್ನೋ. ಆದರೆ ಹೆಚ್ಚು ಮೋಸ ಮಾಡುವುದು ಐಸ್. ಸ್ನೋ ಕಾಣುತ್ತದೆ, ಜನ ತಾವಾಗಿಯೇ ನಿಧಾನ ಮಾಡುತ್ತಾರೆ. ಫ್ರೀಜಿಂಗ್ ರೇನ್ ಹಾಗಲ್ಲ. ಮಳೆಯಾಗಿ ಬಿದ್ದು, ನೆಲ ಮುಟ್ಟಿದ ಕೂಡಲೇ ಗಾಜಿನಂತೆ ಗಟ್ಟಿಯಾಗುತ್ತದೆ. ರಸ್ತೆ ಬರೀ ಒದ್ದೆಯಾಗಿದೆ ಅನ್ನಿಸುತ್ತದೆ. 2021ರ ಫೆಬ್ರವರಿ 11ರ ಬೆಳಗಿನ ಜಾವ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ, ಐ-35 ವೆಸ್ಟ್ ಹೈವೇಯ ಎಕ್ಸ್‌ಪ್ರೆಸ್ ಲೇನುಗಳಲ್ಲಿ ಹೀಗೇ ಆಯಿತು. ಸುಮಾರು 130 ವಾಹನಗಳು ಒಂದರ ಮೇಲೊಂದು ಬಂದು ಗುದ್ದಿದವು, 6 ಜನ ಸತ್ತರು. ಟೆಕ್ಸಸ್‌ನಲ್ಲಿ ಇರುವವರು ನಮಗೇನು ಚಳಿ ಅಂತ ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಸೇತುವೆ, ಫ್ಲೈಓವರ್, ರಾಂಪ್ ಮೊದಲು ಹೆಪ್ಪುಗಟ್ಟುತ್ತವೆ. ಕೆಳಗಿನಿಂದಲೂ ತಣ್ಣನೆಯ ಗಾಳಿ ಹೊಡೆಯುತ್ತದೆ, ನೆಲದ ಶಾಖ ಸಿಗುವುದಿಲ್ಲ. ಐಸ್ ಇದೆಯೋ ಇಲ್ಲವೋ ತಿಳಿಯಲು ಒಂದು ಉಪಾಯ ಇದೆ. ಮುಂದಿನ ಕಾರಿನ ಹಿಂದಿನ ಟೈರುಗಳನ್ನೇ ನೋಡುತ್ತಿರಿ. ಒದ್ದೆ ರಸ್ತೆಯಲ್ಲಿ ಟೈರು ನೀರು ಚಿಮ್ಮಿಸುತ್ತದೆ, ನಿಮ್ಮ ಗಾಜಿನ ಮೇಲೂ ತುಂತುರು ಬೀಳುತ್ತದೆ. ರಸ್ತೆ ಇನ್ನೂ ಒದ್ದೆಯಾಗಿ ಹೊಳೆಯುತ್ತಿದೆ, ಆದರೆ ಆ ತುಂತುರು ಇದ್ದಕ್ಕಿದ್ದಂತೆ ನಿಂತಿದೆ ಅಂದರೆ, ನೀರು ಐಸ್ ಆಗಿದೆ ಅಂತ ಅರ್ಥ. ಆಗ ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್‌ನಿಂದ ಕಾಲು ನಿಧಾನಕ್ಕೆ ಎತ್ತಿ, ಸ್ಟೇರಿಂಗ್ ನೇರ ಹಿಡಿಯಿರಿ, ಕಾರು ತಾನಾಗಿಯೇ ನಿಧಾನವಾಗಲಿ. ಉಪ್ಪು ಹಾಕಿದ್ದಾರಲ್ಲ ಅಂತ ಧೈರ್ಯ ಮಾಡಬೇಡಿ. ಸುಮಾರು 15 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ, ಅಂದರೆ ಮೈನಸ್ 9 ಸೆಲ್ಸಿಯಸ್ ದಾಟಿದ ಮೇಲೆ, ಮಾಮೂಲಿ ಉಪ್ಪು ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಆಲ್ ವೀಲ್ ಡ್ರೈವ್ (ಎಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ವ್ಯವಸ್ಥೆ) ಇದೆ, ನಮಗೇನೂ ಆಗಲ್ಲ ಅನ್ನುವವರು ಜಾಸ್ತಿ. ಅದು ಕಾರು ಹೊರಡಲು ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ. ನಿಲ್ಲಿಸುವುದು ಟೈರು. ಸ್ನೋ ಹೆಚ್ಚಿರುವ ಕಡೆ ಇರುವವರು ಮೊದಲ ದುಡ್ಡನ್ನು ವಿಂಟರ್ ಟೈರಿಗೇ ಹಾಕಿ ಅನ್ನುವುದು ನನ್ನ ಅಭಿಪ್ರಾಯ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಸ್ನೋ ಹರಳಿನ ಗುರುತು ಇರಬೇಕು.

ಓಡಿಸುವಾಗ ಎಲ್ಲವೂ ಮೆತ್ತಗೆ. ವೇಗವನ್ನು ಕಾರೇ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಬೇಡವೇ ಬೇಡ. ಮುಂದಿನ ಕಾರಿಗೂ ನಿಮಗೂ 8 ರಿಂದ 10 ಸೆಕೆಂಡ್ ಅಂತರ ಇರಲಿ. ತುರ್ತಾಗಿ ನಿಲ್ಲಿಸಬೇಕಾದರೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಬ್ರೇಕ್ ಒತ್ತಿ ಹಿಡಿಯಿರಿ. ಪೆಡಲ್ ಕಾಲಿನಡಿ ದಡದಡ ನಡುಗುತ್ತದೆ, ಹೆದರಿ ಬಿಡಬೇಡಿ. ಕಾರು ಜಾರಿದರೆ ಎಲ್ಲಿಗೆ ಹೋಗಬೇಕೋ ಅತ್ತ ನೋಡಿ, ಅತ್ತಲೇ ತಿರುಗಿಸಿ. ರಸ್ತೆಯ ಸ್ನೋ ತಳ್ಳುವ ಗಾಡಿ, ಅಂದರೆ ಸ್ನೋ ಪ್ಲೋ, ಮುಂದೆ ಹೋಗುತ್ತಿದ್ದರೆ ಓವರ್‌ಟೇಕ್ ಮಾಡಬೇಡಿ. ಅದರ ಹಿಂದಿನ ರಸ್ತೆಯೇ ಅವತ್ತಿನ ಒಳ್ಳೆಯ ರಸ್ತೆ.

ಹೊರಡುವ ಮುಂಚೆ ಕಾರಿನ ಮೇಲಿನ ಸ್ನೋವನ್ನು ಪೂರ್ತಿ ತೆಗೆಯಿರಿ, ಕಾರಿನ ಛಾವಣಿಯದ್ದೂ ಸೇರಿಸಿ. ಹೈವೇಯಲ್ಲಿ ಅದು ಹಲಗೆಯ ಹಾಗೆ ಎದ್ದು ಹಿಂದಿನವರ ಗಾಜಿಗೆ ಬಡಿಯುತ್ತದೆ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾದಲ್ಲಿ ಇದು ಕಾನೂನೇ. ಗಾಜಿನ ಮೇಲೆ ಬಿಸಿನೀರು ಮಾತ್ರ ಸುರಿಯಬೇಡಿ, ಬಿರುಕು ಬಿಡುತ್ತದೆ.

ಇಷ್ಟೆಲ್ಲ ಮಾಡಿಯೂ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳಬಹುದು. 2022ರ ಜನವರಿ 3ರಂದು ವರ್ಜೀನಿಯಾದ ಐ-95ರಲ್ಲಿ ಮೊದಲು ಮಳೆ ಬಂತು, ಹಾಗಾಗಿ ರಸ್ತೆಗೆ ಮೊದಲೇ ಉಪ್ಪು ನೀರು ಹಾಕಲು ಆಗಲಿಲ್ಲ. ಆಮೇಲೆ ಜೋರು ಸ್ನೋ. ಟ್ರಕ್ಕುಗಳು ಅಡ್ಡಡ್ಡ ನಿಂತವು. ಎರಡು ಗಂಟೆಯ ದಾರಿಗೆ ಹೊರಟ ಸೆನೆಟರ್ ಟಿಮ್ ಕೇನ್ 27 ಗಂಟೆ ರಸ್ತೆಯಲ್ಲೇ ಇದ್ದರು. ಅದಕ್ಕೇ ಅರ್ಧ ಟ್ಯಾಂಕಿಗಿಂತ ಕಡಿಮೆ ಇಟ್ಟುಕೊಂಡು ಹೊರಡಬೇಡಿ. ಕಂಬಳಿ, ನೀರು, ತಿನ್ನಲು ಏನಾದರೂ, ಟಾರ್ಚ್, ಫೋನ್ ಚಾರ್ಜರ್, ಸಣ್ಣ ಸಲಿಕೆ ಕಾರಿನಲ್ಲಿರಲಿ. ಮಗು ಇದ್ದರೆ ಡೈಪರ್, ಹಾಲಿನ ಪುಡಿ, ದಿನದ ಔಷಧಿ ಕೂಡ. ಸಲಿಕೆಯನ್ನು ಡಿಕ್ಕಿಯಲ್ಲಿಡಬೇಡಿ, ಸ್ನೋ ತುಂಬಿದರೆ ಅದರ ಬಾಗಿಲೇ ತೆರೆಯದೇ ಹೋಗಬಹುದು.

ಸಿಕ್ಕಿಕೊಂಡರೆ ಕಾರು ಬಿಟ್ಟು ನಡೆಯಬೇಡಿ. ಹಾರುವ ಸ್ನೋದಲ್ಲಿ ಹತ್ತು ಹೆಜ್ಜೆಗೇ ದಿಕ್ಕು ತಪ್ಪುತ್ತದೆ. ಗಂಟೆಗೆ 10 ನಿಮಿಷ ಮಾತ್ರ ಎಂಜಿನ್ ಹಾಕಿ ಬಿಸಿ ಮಾಡಿಕೊಳ್ಳಿ. ಪ್ರತಿ ಸಲವೂ ಎಂಜಿನ್ ಹಾಕುವ ಮುಂಚೆ ಇಳಿದು ಹಿಂದಿನ ಎಕ್ಸಾಸ್ಟ್ ಪೈಪಿನ ಸುತ್ತ ಸ್ನೋ ತೆಗೆಯಿರಿ. ಪೈಪ್ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ನಿದ್ದೆ ಬಂದಂತೆ ಆಗಿ ಪ್ರಾಣ ಹೋಗುತ್ತದೆ. ಗಾಳಿ ಹೊಡೆಯದ ಕಡೆಯ ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಡಿ. ಆಂಟೆನಾಗೆ ಅಥವಾ ಬಾಗಿಲಿಗೆ ಬಣ್ಣದ ಬಟ್ಟೆ ಕಟ್ಟಿ. ಎಲೆಕ್ಟ್ರಿಕ್ ಕಾರಿನಲ್ಲಿ ಈ ಹೊಗೆಯ ಭಯವಿಲ್ಲ. ಆದರೆ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಪೂರ್ತಿ ಹೀಟರ್ ಬದಲು ಸೀಟ್ ಹೀಟರ್ ಬಳಸಿ.

ತುರ್ತು ಸಹಾಯದ ನಂಬರ್ 911ಕ್ಕೆ ಫೋನ್ ಮಾಡಿದರೆ ಮೊದಲು ಕೇಳುವುದು ಎಲ್ಲಿದ್ದೀರಿ ಅಂತ. ಹೈವೇ ಪಕ್ಕದ ಸಣ್ಣ ಹಸಿರು ಫಲಕದಲ್ಲಿ ಮೈಲಿ ಸಂಖ್ಯೆ ಇರುತ್ತದೆ. ಹೋಗುತ್ತಾ ಹೋಗುತ್ತಾ ಅದನ್ನು ಗಮನಿಸುತ್ತಿರಿ. ಯಾವ ಹೈವೇ, ಯಾವ ದಿಕ್ಕು, ಕೊನೆಗೆ ಕಂಡ ಮೈಲಿ ಸಂಖ್ಯೆ, ಕಾರಿನಲ್ಲಿ ಎಷ್ಟು ಜನ: ಈ ನಾಲ್ಕನ್ನು ಹೇಳಿ. ಹೊರಡುವಾಗಲೇ ದಾರಿಯನ್ನೂ ತಲುಪುವ ಹೊತ್ತನ್ನೂ ಒಬ್ಬರಿಗೆ ತಿಳಿಸಿ. ಮನೆಯಲ್ಲಿ ಕಾಯುವವರು ಯಾರೂ ಇಲ್ಲದಿದ್ದರೆ ಪಕ್ಕದ ಅಪಾರ್ಟ್‌ಮೆಂಟಿನವರಿಗಾದರೂ ಹೇಳಿ ಹೊರಡಿ.